‘ಸ್ವಾರಸ್ಯ ಬರೆಯಿರಿ’ ಅಂದರೆ ಏನು ಬರೆಯಬೇಕು?

ಕರ್ನಾಟಕದ ಶಾಲೆಯಲ್ಲಿ ಕನ್ನಡ ಓದಿದವರಿಗೆಲ್ಲ ಗೊತ್ತಿರುವ ಒಂದು ಪ್ರಶ್ನೆ ಇದೆ. ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ.’ ಪಾಠದ್ದೋ ಪದ್ಯದ್ದೋ ಒಂದು ಸಾಲು ಕೊಟ್ಟಿರುತ್ತಾರೆ. ಅದು ಎಲ್ಲಿಂದ ಬಂತು, ಯಾರು ಯಾರಿಗೆ ಯಾವಾಗ ಹೇಳಿದರು, ಅದರಲ್ಲಿರುವ ಸ್ವಾರಸ್ಯ ಏನು ಅಂತ ಬರೆಯಬೇಕು. ಮೊದಲೆರಡು ಸಲೀಸು. ಮೂರನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಆಗ ಗೈಡ್‌ನ ವಾಕ್ಯ ನೆನಪಿಗೆ ಬರುತ್ತದೆ: ‘ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.’ ಅಷ್ಟು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ.

ಸ್ವಾರಸ್ಯ ಏನು ಅಂತ ಕೇಳಿದರೆ ಸ್ವಾರಸ್ಯವಾಗಿದೆ ಅನ್ನುವುದು! ಸಾರು ಹೇಗಿದೆ ಅಂದರೆ ಸಾರಿನ ಹಾಗಿದೆ ಅಂದಂತಾಯಿತು.

ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ನಾನೂ ಇದನ್ನೇ ಮಾಡಿಸುತ್ತಿದ್ದೆ. ಬೋರ್ಡಿನ ಮೇಲೆ ಸ್ವಾರಸ್ಯ ಬರೆದುಕೊಡುತ್ತಿದ್ದೆ. ಮಕ್ಕಳು ಇಳಿಸಿಕೊಳ್ಳುತ್ತಿದ್ದರು. ಒಂದು ಸಲ ಪರೀಕ್ಷೆಯ ಪೇಪರ್ ತಿದ್ದಲು ಕೂತೆ. ನಲವತ್ತು ಪೇಪರಿನಲ್ಲೂ ನನ್ನದೇ ವಾಕ್ಯ. ಅವಸರದಲ್ಲಿ ನಾನು ಬಿಟ್ಟಿದ್ದ ಒಂದು ಒತ್ತಕ್ಷರವನ್ನೂ ನಲವತ್ತು ಜನ ನಿಷ್ಠೆಯಿಂದ ಬಿಟ್ಟಿದ್ದರು. ಯಾರಿಗೆ ಅಂಕ ಕೊಡಬೇಕು, ಮಕ್ಕಳಿಗಾ, ನನಗಾ?

ಆಮೇಲೆ ಗೊತ್ತಾಯಿತು, ತಪ್ಪು ಪ್ರಶ್ನೆಯದ್ದಲ್ಲ. ಸಾಹಿತ್ಯವನ್ನು ಬಿಡಿಸಿ ನೋಡುವುದು ಅಂತ ಏನನ್ನು ಕರೆಯುತ್ತಾರೋ, ವಿಶ್ಲೇಷಣೆ ಅನ್ನುವ ದೊಡ್ಡ ಹೆಸರಿಟ್ಟು ಹೆದರಿಸುತ್ತಾರೋ, ಅದನ್ನೇ ಈ ಪ್ರಶ್ನೆ ತುಂಬ ಹಿಂದಿನಿಂದ ಕೇಳುತ್ತಾ ಬಂದಿದೆ. ನಾವು ಅದಕ್ಕೆ ಉತ್ತರ ಹುಡುಕುವುದು ಬಿಟ್ಟು ಉತ್ತರ ಒಪ್ಪಿಸುವುದನ್ನು ಕಲಿಸಿದೆವು, ಅಷ್ಟೆ.

ಸಾರಾಂಶ ಬೇರೆ, ಸ್ವಾರಸ್ಯ ಬೇರೆ

ಸ್ವಾರಸ್ಯ ಅನ್ನುವುದು ‘ಸ್ವರಸ’ದಿಂದ ಬಂದ ಪದ. ಆಯುರ್ವೇದದಲ್ಲಿ ಸ್ವರಸ ಅಂದರೆ ಹಸಿ ಸೊಪ್ಪನ್ನು ಜಜ್ಜಿ, ಬಟ್ಟೆಯಲ್ಲಿ ಹಿಂಡಿ ತೆಗೆದ ರಸ. ಕುದಿಸಿದ್ದಲ್ಲ. ಅದೇ ಸೊಪ್ಪಿನಿಂದ, ಅದೇ ಹೊತ್ತಿಗೆ ಇಳಿದದ್ದು.

ಮಕ್ಕಳಿಗೆ ನಾನು ಹೇಳುವ ವ್ಯತ್ಯಾಸ ಇದು. ಪದ ಬದಲಾಯಿಸಿದರೂ ಉಳಿಯುವುದು ಸಾರಾಂಶ. ಪದ ಬದಲಾಯಿಸಿದರೆ ಹೋಗಿಬಿಡುವುದು ಸ್ವಾರಸ್ಯ. ಒಂದು ಕಥೆಯನ್ನು ನಿಮ್ಮ ಮಾತಿನಲ್ಲಿ ತಮ್ಮನಿಗೆ ಹೇಳಬಹುದು, ಅದು ಸಾರಾಂಶ. ಆದರೆ ಅಜ್ಜಿ ಬೈಯುವ ಬೈಗುಳವನ್ನು ನಿಮ್ಮ ಮಾತಿನಲ್ಲಿ ಹೇಳಿ ನೋಡಿ. ‘ಅಜ್ಜಿ ನನ್ನ ಸೋಮಾರಿತನವನ್ನು ಖಂಡಿಸಿದರು’ ಅಂದರೆ ಅಜ್ಜಿ ಎಲ್ಲಿದ್ದಾರೆ ಅದರಲ್ಲಿ?

6ರಿಂದ 8ನೇ ತರಗತಿಯ ವಯಸ್ಸು ಇದಕ್ಕೆ ಹೇಳಿಮಾಡಿಸಿದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಮೂರು ವರ್ಷಗಳನ್ನು, ಅಂದರೆ ಹನ್ನೊಂದರಿಂದ ಹದಿನಾಲ್ಕರ ವಯಸ್ಸನ್ನು, ಮಧ್ಯಮ ಹಂತ ಅಂತ ಬೇರೆಯಾಗಿಯೇ ಗುರುತಿಸಿದೆ. ಪಾಠ ಮಾಡುವವರಿಗೆ ನೀತಿ ಓದದೆಯೂ ಇದು ಗೊತ್ತು. ಐದನೇ ತರಗತಿಯ ಮಗು ‘ಕಥೆ ಚೆನ್ನಾಗಿತ್ತು’ ಅನ್ನುತ್ತದೆ. ಏಳನೇ ತರಗತಿಯ ಮಗು ‘ಅದ್ಯಾಕೆ ಹಾಗೆ?’ ಅನ್ನುತ್ತದೆ. ಮನೆಯಲ್ಲಿ ಎಲ್ಲದಕ್ಕೂ ವಾದ ಹಾಕುವ ವಯಸ್ಸು. ಆ ವಾದ ಹಾಕುವ ಚಟವನ್ನೇ ಪದ್ಯದ ಕಡೆಗೆ ತಿರುಗಿಸಿದರೆ ಅರ್ಧ ಕೆಲಸ ಆಯಿತು.

ಹಾಲಲ್ಲ, ಮೊಸರು

ಪದ್ಯದಿಂದ ಶುರು ಮಾಡಬೇಡಿ. ಒಗಟಿನಿಂದ ಶುರು ಮಾಡಿ.

‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.’ ಏನದು? ಮಲ್ಲಿಗೆ ಹೂ. ಇದು ಬಹಳ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ನಾವು ಕೇಳುವುದು ಉತ್ತರವನ್ನಲ್ಲ. ‘ಮೊಸರು ಯಾಕೆ? ಹಾಲೂ ಬಿಳಿ ತಾನೆ? ಸುಣ್ಣವೂ ಬಿಳಿ ತಾನೆ?’

ಮೊದಲು ಸುಮ್ಮನಿರುತ್ತಾರೆ. ಆಮೇಲೆ ಒಬ್ಬ, ಹಾಲು ಚೆಲ್ಲಿದರೆ ಹರಿದು ಹೋಗುತ್ತದೆ ಅನ್ನುತ್ತಾನೆ. ಇನ್ನೊಬ್ಬಳು, ಮೊಸರು ಚೆಲ್ಲಿದರೆ ಅಲ್ಲಲ್ಲೇ ಗಟ್ಟಿಯಾಗಿ ಕೂರುತ್ತೆ, ಹೂವೂ ಹಾಗೇ ಅಲ್ಲಲ್ಲಿ ಕೂತಿರುತ್ತೆ ಅನ್ನುತ್ತಾಳೆ. ಮತ್ತೊಬ್ಬ, ಸುಣ್ಣ ಅಂದ್ರೆ ವಾಸನೆ ಸರ್, ಮಲ್ಲಿಗೆಗೆ ಸುಣ್ಣ ಅನ್ನೋಕಾಗಲ್ಲ ಅನ್ನುತ್ತಾನೆ. ಮಕ್ಕಳು ಒಂದು ರೂಪಕವನ್ನು ಬಿಡಿಸಿ, ಅದರ ಒಂದೊಂದು ಎಳೆ ಹಿಡಿದು ಎಳೆದು ನೋಡಿದರು. ಐದು ನಿಮಿಷ ಆಗಿಲ್ಲ ಇನ್ನೂ.

ನಮ್ಮ ವ್ಯಾಕರಣದ ಪಾಠದಲ್ಲಿ ಅಲಂಕಾರ ಬರುತ್ತದಲ್ಲ, ಅಲ್ಲಿ ಆಗುವುದು ಇದರ ಅರ್ಧ. ಉಪಮೇಯ ಯಾವುದು, ಉಪಮಾನ ಯಾವುದು, ವಾಚಕ ಪದ ಯಾವುದು, ಸಮಾನ ಧರ್ಮ ಯಾವುದು. ಲಕ್ಷಣ ಬರೆಯಿರಿ, ಸಮನ್ವಯ ಬರೆಯಿರಿ. ಮುಖ ಕಮಲದಂತೆ ಅರಳಿತು. ಸರಿ, ಆದರೆ ಕಮಲವೇ ಯಾಕೆ, ದಾಸವಾಳ ಯಾಕಲ್ಲ? ಆ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಹೆಸರಿಟ್ಟ ಕೂಡಲೇ ಕೆಲಸ ಮುಗಿಯಿತು ಅನ್ನಿಸುತ್ತದೆ. ಹೆಸರು ಬೇಡ ಅಂತ ಅಲ್ಲ. ಹೆಸರು ಕೊನೆಗೆ ಬರಲಿ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡಿಗರ ಬಗ್ಗೆ ಒಂದು ಮಾತಿದೆ: ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್.’ ಪಟ್ಟಾಗಿ ಕೂತು ಓದದಿದ್ದರೂ ಕಾವ್ಯ ಬಳಸುವುದರಲ್ಲಿ ಜಾಣರು ಅಂತ. ನವೆಂಬರ್ ಭಾಷಣಗಳಲ್ಲಿ ಬಳಸಿ ಬಳಸಿ ಈ ಸಾಲು ಸವೆದುಹೋಗಿದೆ. ಆದರೆ ಒಗಟಿನ ತರಗತಿ ಮಾಡಿದ ದಿನ ಅದು ನನಗೆ ನಿಜ ಅನಿಸುತ್ತದೆ.

ಇನ್ನೊಂದು ಆಟ ಇದೆ. ಇದು ನಮ್ಮ ಹಳೆಯ ಕಾವ್ಯಶಾಸ್ತ್ರದಿಂದ ಎತ್ತಿಕೊಂಡದ್ದು. ಕಾಶ್ಮೀರದ ಮಮ್ಮಟ 11ನೇ ಶತಮಾನದಲ್ಲಿ ಕೊಟ್ಟ ಉದಾಹರಣೆ: ‘ಸೂರ್ಯ ಮುಳುಗಿದ.’ ಮಾತು ಒಂದೇ. ಹೇಳುವವರು, ಕೇಳುವವರು ಬದಲಾದ ಹಾಗೆ ಅರ್ಥ ಬದಲಾಗುತ್ತದೆ. ಮಕ್ಕಳ ಮುಂದೆ ‘ಹೊತ್ತು ಮುಳುಗಿತು’ ಅಂತ ಬರೆದು, ಇದನ್ನು ಅಮ್ಮ ಅಂಗಳದಲ್ಲಿ ನಿಂತು ಹೇಳಿದರೆ ಏನರ್ಥ ಅಂತ ಕೇಳಿ. ‘ಆಟ ಸಾಕು, ಒಳಗೆ ಬಾ.’ ದನ ಕಾಯುವವನು ಹೇಳಿದರೆ? ‘ದನ ಹೊಡ್ಕೊಂಡು ಹೋಗೋಣ.’ ಕಳ್ಳ ಹೇಳಿದರೆ? ಇಲ್ಲಿ ತರಗತಿ ನಗುತ್ತದೆ. ಕೊನೆಯ ಬಸ್ಸಿಗೆ ಕಾಯುತ್ತಾ ಕೂತವರು ಹೇಳಿದರೆ? ಆಮೇಲೆ ತಿರುಗಿಸಿ ಕೇಳಿ: ಆ ವಾಕ್ಯದಲ್ಲಿ ‘ಬಾ’ ಅನ್ನುವ ಪದ ಎಲ್ಲಿದೆ? ಇಲ್ಲ. ಆದರೂ ಕೇಳಿಸಿತು, ಅಲ್ವಾ? ಹಳಬರು ಇದನ್ನು ಧ್ವನಿ ಅಂದರು. ಸಂದರ್ಭ ಗೊತ್ತಿಲ್ಲದೆ ಸ್ವಾರಸ್ಯ ಗೊತ್ತಾಗುವುದಿಲ್ಲ ಅನ್ನುವುದೂ ಇಲ್ಲೇ ತಿಳಿಯುತ್ತದೆ. ‘ಸಂದರ್ಭ ಸೂಚಿಸಿ’ ಅನ್ನುವುದನ್ನು ಪ್ರಶ್ನೆಯಲ್ಲಿ ಸುಮ್ನೆ ಸೇರಿಸಿಲ್ಲ.

ಎಲ್ಲರಿಗೂ ಬಾಯಿಪಾಠ ಬರುವ ಒಂದು ಹಾಡು

ಈಗ ಪದ್ಯಕ್ಕೆ ಬರೋಣ. ನಾನು ಆರಿಸಿಕೊಳ್ಳುವುದು ಗೋವಿನ ಹಾಡು. ಹೊಸ ಪದ್ಯ ಯಾಕಲ್ಲ ಅಂತ ಕೇಳಬಹುದು. ಕಥೆ ಎಲ್ಲರಿಗೂ ಮೊದಲೇ ಗೊತ್ತಿದೆ, ಅದೇ ಅನುಕೂಲ. ಏನಾಯಿತು ಅನ್ನುವ ಕುತೂಹಲ ಮುಗಿದಿದ್ದರೆ ಹೇಗೆ ಹೇಳಿದ್ದಾರೆ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಅನುಕೂಲ, ಈ ಹಾಡಿಗೆ ಕವಿಯ ಹೆಸರಿಲ್ಲ. ನಮ್ಮಲ್ಲಿ ಪದ್ಯಪಾಠ ಶುರುವಾಗುವುದೇ ಕವಿ ಪರಿಚಯದಿಂದ. ಹುಟ್ಟಿದ ಊರು, ಇಸವಿ, ಬಿರುದು, ಪ್ರಶಸ್ತಿ. ಅಷ್ಟೊತ್ತಿಗೆ ಮಗು, ಇಷ್ಟು ದೊಡ್ಡವರು ಬರೆದದ್ದು ಅಂದ ಮೇಲೆ ಚೆನ್ನಾಗಿಯೇ ಇರಬೇಕು ಅಂತ ತೀರ್ಮಾನಿಸಿರುತ್ತದೆ. 1920ರ ದಶಕದಲ್ಲಿ ಕೇಂಬ್ರಿಜ್‌ನ ಐ. ಎ. ರಿಚರ್ಡ್ಸ್ ತಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರು ಅಳಿಸಿ ಕವಿತೆಗಳನ್ನು ಹಂಚಿ, ಅನಿಸಿದ್ದನ್ನು ಬರೆಯಲು ಹೇಳಿದ್ದರು. 1929ರಲ್ಲಿ ಅದನ್ನೇ ಪುಸ್ತಕ ಮಾಡಿದರು. ದೊಡ್ಡ ಹೆಸರಿನವರ ಕವಿತೆಗಳನ್ನು ಹುಡುಗರು ತೆಗೆದುಹಾಕಿದ್ದರು, ಸಾಧಾರಣ ಕವಿತೆಗಳನ್ನು ಮೆಚ್ಚಿದ್ದರು. ಹೆಸರು ಸರಿದರೆ ಓದು ಎಷ್ಟು ಕಷ್ಟ ಅನ್ನುವುದು ಬಯಲಾಯಿತು. ಗೋವಿನ ಹಾಡಿನ ವಿಷಯದಲ್ಲಿ ಆ ಕೆಲಸವನ್ನು ಜನಪದರೇ ಮಾಡಿಕೊಟ್ಟಿದ್ದಾರೆ.

ಹಾಡನ್ನು ಮೊದಲು ಎರಡು ಸಲ ಜೋರಾಗಿ ಓದಿಸಿ. ನಡುವೆ ವಿವರಣೆ ಬೇಡ. ಇದು ನಮಗೆ, ಪಾಠ ಮಾಡುವವರಿಗೆ, ಬಹಳ ಕಷ್ಟ. ಬಾಯಿ ತುರಿಸುತ್ತದೆ. ತಡೆದುಕೊಳ್ಳಿ. ಆಮೇಲೆ ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ ಎಳೆಸಿ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅನಿಸಿದ್ದು’. ಪಠ್ಯಪುಸ್ತಕದಲ್ಲಿ ಗೀಚಬೇಡಿ ಅಂತ ನಾವೇ ಹೇಳಿರುತ್ತೇವೆ, ಮುಂದಿನ ವರ್ಷ ತಂಗಿಗೆ ಬೇಕಾಗಬಹುದು. ಹಾಗಾಗಿ ನಾಲ್ಕೈದು ಪದ್ಯವನ್ನು ಸಾಲು ಬಿಟ್ಟು ಬರೆದುಕೊಳ್ಳಲಿ. ಬರೆದುಕೊಳ್ಳುವಾಗಲೇ ಅರ್ಧ ಕಾಣಿಸುತ್ತದೆ.

ಬಲಗಡೆ ಮೊದಲು ಬರುವುದು ಯಾವತ್ತೂ ಒಂದೇ: ‘ಸತ್ಯಕ್ಕೆ ಜಯ.’ ಎಲ್ಲ ಪುಸ್ತಕದಲ್ಲೂ ಇದೆ. ತಪ್ಪಲ್ಲ. ಆದರೆ ಅದು ಪದ್ಯ ಓದದೆಯೂ ಬರೆಯಬಹುದಾದ ಉತ್ತರ. ಆಗ ಕೇಳಬೇಕಾದ ಪ್ರಶ್ನೆ ಒಂದೇ, ಇಡೀ ವಿದ್ಯೆಯ ಕೀಲಿಕೈ ಅದು: ‘ಯಾವ ಪದ ನೋಡಿ ಹಾಗನ್ನಿಸಿತು?’

ಪದ ಹುಡುಕಲು ಹೊರಟರೆ ಹಾಡು ಬೇರೆಯಾಗಿ ಕಾಣಿಸಲು ಶುರುವಾಗುತ್ತದೆ. ‘ಸತ್ಯವೇ ನಮ್ಮ ತಾಯಿ ತಂದೆ, ಸತ್ಯವೇ ನಮ್ಮ ಬಂಧು ಬಳಗ’ ಅನ್ನುವ ಸಾಲಿಗೆ ಎಲ್ಲರೂ ಗೆರೆ ಹಾಕುತ್ತಾರೆ. ‘ಸತ್ಯ’ಕ್ಕೆ ಗೆರೆ ಹಾಕುತ್ತಾರೆ. ನಮ್ಮಲ್ಲಿ ಒಬ್ಬಳು ‘ತಾಯಿ ತಂದೆ ಬಂಧು ಬಳಗ’ಕ್ಕೆ ಗೆರೆ ಹಾಕಿದ್ದಳು. ಯಾಕಮ್ಮ ಅಂದೆ. ‘ಇಂಥಾವೇ ತುಂಬಾ ಇವೆ ಸರ್’ ಅಂದಳು. ಎಲ್ಲರೂ ಹುಡುಕಿದೆವು. ಕರು ಕೇಳುವುದು: ‘ಆರು ನನಗೆ ಹಿತವರು?’ ಹಸು ಉಳಿದ ಹಸುಗಳನ್ನು ಕರೆಯುವುದು: ‘ಅಮ್ಮಗಳಿರಾ ಅಕ್ಕಗಳಿರಾ, ಎನ್ನ ತಾಯೊಡಹುಟ್ಟುಗಳಿರಾ.’ ಬೇಡಿಕೊಳ್ಳುವುದು: ‘ಕಂದ ನಿಮ್ಮವನೆಂದು ಕಾಣಿರಿ.’ ಕೊನೆಗೆ ಹುಲಿ ಹೇಳುವುದು: ‘ಎನ್ನ ಒಡಹುಟ್ಟಕ್ಕ ನೀನು.’

ನೋಡಿದಿರಾ? ಹಾಡಿನ ತುಂಬ ನೆಂಟಸ್ತಿಕೆಯ ಪದಗಳು. ಯಾರು ನಮ್ಮವರು ಅನ್ನುವ ಕರುವಿನ ಪ್ರಶ್ನೆಗೆ ಇಡೀ ಹಾಡು ಉತ್ತರ ಹುಡುಕುತ್ತಿದೆ. ‘ಒಡಹುಟ್ಟು’ ಅನ್ನುವ ಪದವನ್ನು ಮೊದಲು ಹಸು ತನ್ನ ಜಾತಿಯವರಿಗೆ ಬಳಸುತ್ತದೆ. ಆಮೇಲೆ ಅದೇ ಪದವನ್ನು ಹುಲಿ ಹಸುವಿಗೆ ಬಳಸುತ್ತದೆ. ಹಾಗೆಯೇ ‘ಮೆಚ್ಚನಾ ಪರಮಾತ್ಮನು’. ಸತ್ಯಕ್ಕೆ ತಪ್ಪಿದರೆ ಮೆಚ್ಚನಾ ಪರಮಾತ್ಮನು ಅನ್ನುವುದು ಹಸು. ಇವಳನ್ನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು ಅನ್ನುವುದು ಹುಲಿ. ಹಸುವಿನ ಮಾತು ಹುಲಿಯ ಬಾಯಿಗೆ ಬಂದಿದೆ. ಹುಲಿಯ ಮನಸ್ಸು ಬದಲಾಯಿತು ಅಂತ ಹಾಡು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಮಾತನ್ನು ಬದಲಾಯಿಸಿ ತೋರಿಸುತ್ತದೆ.

ಇದು ಯಾವ ಗೈಡ್‌ನಲ್ಲೂ ನನಗೆ ಸಿಕ್ಕಿರಲಿಲ್ಲ. ಒಂದು ಗೆರೆಯಿಂದ ಸಿಕ್ಕಿತು.

ಶಬ್ದದ ಕಡೆಗೂ ಒಂದು ಕಿವಿ ಇಡಿಸಬೇಕು. ‘ತಬ್ಬಲಿಯು ನೀನಾದೆ ಮಗನೆ / ಹೆಬ್ಬುಲಿಯ ಬಾಯನ್ನು ಹೊಗುವೆನು / ಇಬ್ಬರಾ ಋಣ ತೀರಿತೆಂದು / ತಬ್ಬಿಕೊಂಡಿತು ಕಂದನಾ.’ ನಾಲ್ಕು ಸಾಲಿನಲ್ಲೂ ಎರಡನೆಯ ಅಕ್ಷರ ಬಕಾರದ ಒತ್ತು. ಇದು ಆದಿಪ್ರಾಸ ಅಂತ ಹೇಳಿ ಮುಗಿಸಬಹುದು. ಬದಲಿಗೆ, ಮೊದಲ ಪದ ಮತ್ತು ಕೊನೆಯ ಸಾಲಿನ ಮೊದಲ ಪದ ಎರಡನ್ನೂ ಒಟ್ಟಿಗೆ ಹೇಳಿ ನೋಡಿ ಅನ್ನಿ. ತಬ್ಬಲಿ, ತಬ್ಬಿ. ತಬ್ಬುವವರಿಲ್ಲದ ಕರುವನ್ನು ಕೊನೆಯ ಸಲ ತಬ್ಬುವುದು. ಒಂದೇ ಸದ್ದಿನಿಂದ ಶುರುವಾಗಿ ಅದೇ ಸದ್ದಿನಲ್ಲಿ ಮುಗಿಯುತ್ತದೆ. ಇಲ್ಲಿ ಸಾಮಾನ್ಯವಾಗಿ ತರಗತಿ ಒಂದು ಕ್ಷಣ ಗಪ್‌ಚುಪ್ ಆಗುತ್ತದೆ.

ಹಾಗಾದರೆ ಯಾರು ಏನು ಹೇಳಿದರೂ ಸರಿನಾ?

ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ‘ಮಕ್ಕಳು ಹೇಳಿದ್ದೆಲ್ಲ ಸರಿ’ ಅನ್ನುವುದು ಈಗ ಒಂದು ಫ್ಯಾಷನ್. ಒಬ್ಬ ಹುಡುಗ ಎದ್ದು, ಹುಲಿಗೆ ಹೊಟ್ಟೆ ತುಂಬಿತ್ತು, ಅದಕ್ಕೇ ತಿನ್ನಲಿಲ್ಲ ಅಂದ. ತಮಾಷೆಗೆ ಹೇಳಿದ್ದಿರಬಹುದು. ಬೈಯಬೇಡಿ. ‘ಇರಬಹುದು. ಹಾಡಿನಲ್ಲಿ ತೋರಿಸು’ ಅನ್ನಿ. ಹುಡುಕಿದ. ಹಸಿದ ವೇಳೆಗೆ ಸಿಕ್ಕಿದ್ದನ್ನು ಹೇಗೆ ಬಿಡಲಿ ಅಂತ ಹುಲಿಯೇ ಹೇಳುವ ಸಾಲು ಸಿಕ್ಕಿತು. ಅವನೇ ಕೂತ. ನಾನು ತಪ್ಪು ಅನ್ನಲಿಲ್ಲ, ಹಾಡು ಅಂದಿತು.

ಆದರೆ ಇನ್ನೊಬ್ಬ, ಹುಲಿ ಸಾಯಬೇಕಾಗಿರಲಿಲ್ಲ, ಹುಲಿಗೆ ಅನ್ಯಾಯ ಆಯಿತು ಅಂದ. ಇದು ಬೇರೆ ಜಾತಿಯ ಮಾತು. ಹುಲಿಗೆ ಹುಲ್ಲು ತಿನ್ನಲಾಗುತ್ತದಾ, ಹಸಿದಿದ್ದು ತಪ್ಪಾ, ಭಾಷೆ ಕೊಟ್ಟವಳು ಹಸು, ನಂಬಿ ಕಳಿಸಿದವನು ಹುಲಿ, ನಂಬಿದ್ದೂ ದೊಡ್ಡತನ ಅಲ್ವಾ? ಇದಕ್ಕೆ ಹಾಡಿನಲ್ಲಿ ಆಧಾರ ಇದೆ. ಎದುರು ವಾದಕ್ಕೂ ಇದೆ. ಇಂಥ ಪ್ರಶ್ನೆ ಸಿಕ್ಕರೆ ಬಿಡಬೇಡಿ. ಆಧಾರ ಇದ್ದರೆ ವಾದ, ಇಲ್ಲದಿದ್ದರೆ ಊಹೆ. ಈ ಎರಡರ ನಡುವಿನ ಗೆರೆಯನ್ನು ಮಗು ತಾನೇ ಎಳೆಯಲು ಕಲಿತರೆ ವರ್ಷದ ಪಾಠ ಅಷ್ಟರಲ್ಲೇ ಸಾರ್ಥಕ.

ಕರಾವಳಿ, ಮಲೆನಾಡಿನ ಮೇಷ್ಟ್ರಿಗೆ ನಾನು ಇದನ್ನು ಹೇಳಬೇಕಾಗಿಯೇ ಇಲ್ಲ. ಅಲ್ಲಿ ತಾಳಮದ್ದಳೆ ಇದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಅರ್ಥ ಹೇಳುತ್ತಾರೆ. ಕರ್ಣನ ಪರ ಒಬ್ಬರು, ಕೃಷ್ಣನ ಪರ ಒಬ್ಬರು, ರಾತ್ರಿಯೆಲ್ಲ ವಾದ. ಎಷ್ಟು ದೂರ ಬೇಕಾದರೂ ಹೋಗಬಹುದು, ಆದರೆ ಮುಂದಿನ ಪ್ರಸಂಗದ ಪದ್ಯಕ್ಕೆ ಸರಿಯಾಗಿ ವಾಪಸ್ ಬಂದು ಸೇರಬೇಕು. ಸಾಹಿತ್ಯ ವಿಶ್ಲೇಷಣೆಗೆ ಇದಕ್ಕಿಂತ ಒಳ್ಳೆ ನಿಯಮ ನಾನು ಕಂಡಿಲ್ಲ. ತರಗತಿಯಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬಳು ಹಸು, ಒಬ್ಬ ಹುಲಿ. ಮೂರನೆಯವರು ಪದ್ಯ ಹಾಡಲಿ. ಪದ್ಯದಲ್ಲಿ ಇಲ್ಲದ್ದನ್ನು ಹೇಳಿದರೆ ಉಳಿದವರು ಮೇಜು ಕುಟ್ಟಲಿ. ಗಲಾಟೆ ಆಗುತ್ತದೆ. ಪಕ್ಕದ ತರಗತಿಯವರು ಬಂದು ನೋಡುತ್ತಾರೆ. ಆಗಲಿ ಬಿಡಿ.

ಕಥೆ, ಗದ್ಯಪಾಠಕ್ಕೂ ದಾರಿ ಇದೇ, ಜಾಸ್ತಿ ಹೇಳುವುದಿಲ್ಲ. ‘ಪಾತ್ರ ಪರಿಚಯ’ ಅಂದ ಕೂಡಲೇ ಮಕ್ಕಳು ಪ್ರಾಮಾಣಿಕ, ದಯಾಳು, ಧೈರ್ಯಶಾಲಿ ಅಂತ ಗುಣಗಳ ಪಟ್ಟಿ ಹಾಕುತ್ತಾರೆ. ಆ ಪಟ್ಟಿ ಯಾವ ಕಥೆಯ ಯಾವ ನಾಯಕನಿಗೂ ಹೊಂದುತ್ತದೆ. ಒಂದೇ ಒಂದು ಗುಣ ಬರಿ, ಆದರೆ ಪಾತ್ರ ಏನು ಮಾಡಿದ್ದರಿಂದ, ಏನು ಹೇಳಿದ್ದರಿಂದ ಅದು ಗೊತ್ತಾಯಿತು ಅಂತ ಬರಿ ಅನ್ನಿ. ಏನು ಹೇಳಬಹುದಾಗಿತ್ತು, ಆದರೂ ಹೇಳಲಿಲ್ಲ ಅನ್ನುವುದನ್ನೂ ನೋಡು ಅನ್ನಿ. ಎಂಟನೇ ತರಗತಿಯವರಿಗೆ ಈ ಕೊನೆಯದು ಬಹಳ ಇಷ್ಟ.

ಬರೆಯುವಾಗ

ಮಾತಾಡುವುದು ಬಂದ ಮಕ್ಕಳಿಗೂ ಬರೆಯುವುದು ಬರುವುದಿಲ್ಲ. ಬಾಯಲ್ಲಿ ಅಷ್ಟು ಚುರುಕಾಗಿದ್ದವಳು ಪೆನ್ನು ಹಿಡಿದ ಕೂಡಲೇ ‘ಪ್ರಸ್ತುತ ಈ ವಾಕ್ಯವನ್ನು’ ಅಂತ ಶುರು ಮಾಡುತ್ತಾಳೆ. ಹೊಸ ಚೌಕಟ್ಟು ಹುಡುಕಲು ಹೋಗಬೇಡಿ, ಹಳೆಯದೇ ಸಾಕು. ಸಂದರ್ಭ ಅಂದರೆ ಯಾರು, ಯಾರಿಗೆ, ಯಾವಾಗ. ಸ್ವಾರಸ್ಯ ಅಂದರೆ ಒಂದು ಪದ ಎತ್ತಿಕೊಂಡು, ಅದರ ಜಾಗದಲ್ಲಿ ಬೇರೆ ಪದ ಇಟ್ಟರೆ ಏನು ಕಳೆದುಹೋಗುತ್ತದೆ ಅಂತ ಹೇಳುವುದು. ನಾಲ್ಕೈದು ವಾಕ್ಯ ಸಾಕು.

ಹಸು ವಾಪಸ್ ಬಂದು ಹುಲಿಯ ಮುಂದೆ ನಿಂತು ಹೇಳುವ ಪದ್ಯ ಗೊತ್ತಲ್ಲ:

ಖಂಡವಿದೆಕೋ ಮಾಂಸವಿದೆಕೋ
ಗುಂಡಿಗೆಯ ಬಿಸಿರಕ್ತವಿದೆಕೋ
ಚಂಡವ್ಯಾಘ್ರನೆ ನೀನಿದೆಲ್ಲವ
ಉಂಡು ಸಂತಸದಿಂದಿರು

ಮೊದಲು ಕೈತಟ್ಟಿ ಹೇಳಿಸಿ. ಖಂಡ, ವಿದೆಕೋ. ಮಾಂಸ, ವಿದೆಕೋ. ಮೂರು ಮಾತ್ರೆ, ನಾಲ್ಕು ಮಾತ್ರೆ. ‘ಇದೆಕೋ’ ಅಂದರೆ ಇಗೋ, ತಗೋ. ಒಂದೊಂದನ್ನೇ ಎಲೆಗೆ ಬಡಿಸಿದ ಹಾಗೆ ಕೊಡುತ್ತಿದೆ ಹಸು. ಈ ಪದ್ಯಕ್ಕೆ ಮೊದಲ ವರ್ಷ ನನಗೆ ಸಿಕ್ಕಿದ ಉತ್ತರ: ‘ಇಲ್ಲಿ ಹಸುವಿನ ಸತ್ಯಸಂಧತೆಯು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.’ ಕೆಲವು ವರ್ಷದ ಮೇಲೆ ಏಳನೇ ತರಗತಿಯ ಒಬ್ಬಳು ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು:

‘ಹಸು ಹುಲಿಗೆ ಉಂಡು ಸಂತಸದಿಂದಿರು ಅನ್ನುತ್ತದೆ. ಕರುವಿನ ಹತ್ತಿರ ಮಾತಾಡುವಾಗ ಇದೇ ಹಸು, ಕೊಂದು ತಿನ್ನುವೆನೆಂಬ ಹುಲಿ ಅಂದಿತ್ತು. ಹುಲಿಯ ಎದುರಿಗೆ ತಿಂದು ಅನ್ನುವುದಿಲ್ಲ. ನಮ್ಮ ಮನೆಗೆ ನೆಂಟರು ಬಂದರೆ ಉಂಡು ಹೋಗಿ ಅನ್ನುತ್ತೇವೆ. ಹಸು ಹುಲಿಯನ್ನು ನೆಂಟನ ಹಾಗೆ ಮಾತಾಡಿಸುತ್ತಿದೆ. ಅದಕ್ಕೇ ಹುಲಿಗೆ ತಿನ್ನಲು ಆಗಲಿಲ್ಲ ಅನಿಸುತ್ತದೆ.’

ಇದರಲ್ಲಿ ಅಲಂಕಾರದ ಹೆಸರಿಲ್ಲ, ಸತ್ಯಸಂಧತೆ ಇಲ್ಲ. ಒಂದು ಪದ ಇದೆ, ಅದೇ ಹಾಡಿನ ಇನ್ನೊಂದು ಜಾಗದಿಂದ ತಂದ ಸಾಕ್ಷಿ ಇದೆ, ಮನೆಯ ಅನುಭವ ಇದೆ, ಕೊನೆಗೆ ಒಂದು ಅಭಿಪ್ರಾಯ ಇದೆ. ‘ಅನಿಸುತ್ತದೆ’ ಅನ್ನುವ ವಿನಯವೂ ಇದೆ. ನಾನು ಪೂರ್ತಿ ಅಂಕ ಕೊಟ್ಟೆ. ಪಬ್ಲಿಕ್ ಪರೀಕ್ಷೆಯಲ್ಲಿ ಕೊಡುತ್ತಾರಾ ಅಂತ ಅವಳ ತಂದೆ ಕೇಳಿದರು. ಸಂದರ್ಭ ಸರಿಯಾಗಿದ್ದು ಸ್ವಾರಸ್ಯ ಇಷ್ಟು ಬಿಡಿಸಿ ಬರೆದರೆ ಯಾವ ಮೌಲ್ಯಮಾಪಕರೂ ಅಂಕ ಕಡಿಯುವುದಿಲ್ಲ ಅಂದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಅವರ ಭಯ ನನಗೆ ಅರ್ಥವಾಗುತ್ತದೆ. ಪಾಠ ಮಾಡುವವರ ಭಯವೂ. ನಲವತ್ತು ನಿಮಿಷದ ಪೀರಿಯಡ್, ಐವತ್ತು ಮಕ್ಕಳು, ಪೋರ್ಷನ್ ಮುಗಿಸಬೇಕು. ಎಲ್ಲ ಪಾಠವನ್ನೂ ಹೀಗೆ ಮಾಡಲು ಹೋದರೆ ದಸರಾ ರಜಕ್ಕೆ ಎರಡನೇ ಪಾಠದಲ್ಲೇ ಇರುತ್ತೀರಿ. ನಾನು ಮಾಡುವುದು ವರ್ಷಕ್ಕೆ ಮೂರು. ಎರಡು ಪದ್ಯ, ಒಂದು ಕಥೆ. ಅವನ್ನು ನಿಧಾನವಾಗಿ, ಉಳಿದವನ್ನು ಯಾವಾಗಿನ ಹಾಗೆ. ಮೂರನ್ನು ಹೀಗೆ ಓದಿದ ಮಕ್ಕಳು ನಾಲ್ಕನೆಯದನ್ನು ತಾವೇ ಹಾಗೆ ಓದಲು ಶುರು ಮಾಡುತ್ತಾರೆ. ಐವತ್ತು ಜನರನ್ನೂ ಮಾತಾಡಿಸಲಾಗುವುದಿಲ್ಲ, ಪಕ್ಕದವರ ಜೊತೆ ಇಬ್ಬಿಬ್ಬರೇ ಎರಡು ನಿಮಿಷ ಮಾತಾಡಿಕೊಳ್ಳಲಿ, ಆಮೇಲೆ ನಾಲ್ಕು ಜೋಡಿಯನ್ನು ಕೇಳಿದರೆ ಸಾಕು.

ಮನೆಮಾತು ಬೇರೆ ಇರುವ ಮಕ್ಕಳು ಹಿಂದೆ ಬೀಳುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಉರ್ದು, ತೆಲುಗು, ಲಂಬಾಣಿ ಮಾತಾಡುವವರಿಗೆ ಕನ್ನಡದ ಪದ ಸ್ವಲ್ಪ ಹೊರಗಿನಿಂದ ಕಾಣಿಸುತ್ತದೆ. ನಾವು ದಿನಾ ಬಳಸಿ ಕುರುಡಾದ ಪದದ ಮೇಲೆ ಅವರ ಕಣ್ಣು ನಿಲ್ಲುತ್ತದೆ. ‘ಉಣ್ಣೋದು, ತಿನ್ನೋದು ಎರಡೂ ಒಂದೇ ಅಲ್ವಾ ಸರ್?’ ಅಂತ ಮೊದಲು ಕೇಳಿದವನು ಕನ್ನಡ ಮನೆಯ ಹುಡುಗನಲ್ಲ. ಉತ್ತರ ಕರ್ನಾಟಕದಿಂದ ಬಂದಿದ್ದ ಹುಡುಗಿ ಕೂಡಲೇ ತಿದ್ದಿದಳು. ‘ರೊಟ್ಟಿ ಉಣ್ತೀವಿ, ಚುರುಮುರಿ ತಿಂತೀವಿ’ ಅಂದಳು. ಬೆಂಗಳೂರಿನ ಮಕ್ಕಳು ‘ಊಟ ಮಾಡು’ ಅನ್ನುವುದೇ ಜಾಸ್ತಿ, ಅವರಿಗೆ ‘ಉಣ್ಣು’ ಅಜ್ಜಿಮನೆಯ ಪದ.

ಏಳನೇ ತರಗತಿಯ ಆ ಮೊದಲಿನ ಹುಡುಗಿ ಬರೆದ ‘ಉಂಡು’ವಿನ ಉತ್ತರವನ್ನು ಮಾರನೆಯ ದಿನ ತರಗತಿಯಲ್ಲಿ ಓದಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ‘ಅದು ಪ್ರಾಸಕ್ಕೆ ಹಾಕಿದ್ದು ಸರ್. ಖಂಡ, ಗುಂಡಿಗೆ, ಚಂಡ ಅಂತ ಬಂದ ಮೇಲೆ ಉಂಡು ಅನ್ನಲೇಬೇಕಲ್ಲ. ತಿಂದು ಅಂದ್ರೆ ಪ್ರಾಸ ತಪ್ಪುತ್ತೆ.’

ಒಳ್ಳೆಯ ಏಟು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಬರೆದವಳು ಪುಸ್ತಕ ತಿರುವಿ, ಹುಲಿ ಸತ್ತ ಮೇಲೆ ಹಸು ದೊಡ್ಡಿಗೆ ಹೋಗಿ ‘ಕರುವಿಗೆ ಉಣ್ಣಿಸಿತು ಮೊಲೆಯ’ ಅನ್ನುವ ಸಾಲು ತೋರಿಸಿದಳು. ಹುಲಿಗೆ ಹೇಳಿದ್ದೂ ಕರುವಿಗೆ ಮಾಡಿದ್ದೂ ಒಂದೇ ಪದ ಸರ್ ಅಂದಳು. ಅವನು ಬಿಡಲಿಲ್ಲ. ‘ಅಲ್ಲೂ ಪ್ರಾಸವೇ. ಪುಣ್ಯಕೋಟಿಗೆ ಉಣ್ಣಿ.’

‘ಹಾಗಾದ್ರೆ ಪ್ರಾಸಕ್ಕೆ ಬೇರೆ ಪದವೇ ಸಿಗ್ತಿರಲಿಲ್ವಾ?’ ಅಂದಳು ಅವಳು.

ಉಳಿದ ಪೀರಿಯಡ್ ಪೂರ್ತಿ ಇಡೀ ತರಗತಿ ‘ಂಡ’ ಬರುವ ಪದ ಹುಡುಕುವುದರಲ್ಲಿ ಕಳೆಯಿತು. ಕಂಡು. ದಂಡು. ಮಂಡಿ. ಬಂಡೆ. ಬೋರ್ಡು ತುಂಬಿತು. ಕೊನೆಗೆ ಆ ಹಿಂದಿನ ಬೆಂಚಿನವನೇ ಬಂದು, ಚಾಕ್‌ಪೀಸ್ ತಗೊಂಡು, ‘ಉಂಡು’ ಒರೆಸಿ ಆ ಜಾಗದಲ್ಲಿ ‘ಕೊಂಡು’ ಅಂತ ಬರೆದ. ‘ನೀನಿದೆಲ್ಲವ ಕೊಂಡು ಸಂತಸದಿಂದಿರು.’ ಕೈತಟ್ಟಿ ಎಣಿಸಿದೆವು. ಮಾತ್ರೆ ಸರಿ ಇತ್ತು, ಪ್ರಾಸ ಸರಿ ಇತ್ತು, ಅರ್ಥವೂ ಕೂರುತ್ತಿತ್ತು. ಅವನು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡುತ್ತಾ ನಿಂತ. ಆಮೇಲೆ ‘ಕೊಂಡು’ ಒರೆಸಿ, ಮತ್ತೆ ‘ಉಂಡು’ ಬರೆದು, ಹೋಗಿ ಕೂತ.